ಅತ್ತಿಗೆಯ ಕೈಗೆ ಬಂದ ಮನೆಗಾಡಿ

ನಮ್ಮ ವಿಜಯಾ ಅತ್ತಿಗೆಗೆ ಒಂದು ಚಾಳಿ. ಯಾರು ಏನು ತೊಂದರೆ ಹೇಳಿಕೊಂಡರೂ ಅವರು ಮೊದಲು ಕೇಳುವುದು "ಯಾವಾಗಿನಿಂದ?" ಅಂತ. ಹೊಟ್ಟೆನೋವು ಅಂದರೂ ಯಾವಾಗಿನಿಂದ, ಬಾಯ್ಲರ್ ಕೆಟ್ಟಿದೆ ಅಂದರೂ ಯಾವಾಗಿನಿಂದ, ಪಕ್ಕದ ಮನೆಯವಳು ಮಾತು ಬಿಟ್ಟಿದ್ದಾಳೆ ಅಂದರೂ ಯಾವಾಗಿನಿಂದ. ಶೆಫೀಲ್ಡಿನ ಬ್ರೂಮ್‌ಹಿಲ್‌ನಲ್ಲಿ ಜಿಪಿ, ಅಂದರೆ ಬಡಾವಣೆಯ ಡಾಕ್ಟರಾಗಿ, ಅಷ್ಟು ವರ್ಷ ಕೂತು ಕೂತು ಆ ಪ್ರಶ್ನೆ ಅವರ ನಾಲಿಗೆಗೆ ಅಂಟಿಕೊಂಡುಬಿಟ್ಟಿದೆ. ಅದನ್ನು ಕೇಳಿದರೆ ನನಗೆ ಮೈ ಉರಿಯುತ್ತಿತ್ತು. ಅವರ ಗಂಡನ ತಂಗಿಯಾದ ಮೇಲೆ ಅತ್ತಿಗೆಯ ಮೇಲೆ ಉರಿದುಕೊಳ್ಳುವುದು ನನ್ನ ಜನ್ಮಸಿದ್ಧ ಹಕ್ಕು ಅಂತ ತಿಳಿದಿದ್ದವಳು ನಾನು. ಆ ಹಕ್ಕನ್ನು ನಾನಾಗಿ ಬಿಟ್ಟುಕೊಟ್ಟದ್ದು ಮನೆಗಾಡಿಯ ಪ್ರಸಂಗದಲ್ಲಿ.

ಮನೆಗಾಡಿ ಅಂದರೆ ಮೋಟರ್‌ಹೋಮ್. ನನ್ನಣ್ಣ ಜಗದೀಶ ಆಯುಷ್ಯವಿಡೀ ಶೆಫೀಲ್ಡಿನ ಕಾರ್ಖಾನೆಯೊಂದರಲ್ಲಿ ಗೇರುಗಳ ಡಿಸೈನ್ ಮಾಡಿಕೊಂಡಿದ್ದವನು, ರಿಟೈರ್ ಆದ ವರ್ಷವೇ ಅದನ್ನು ಸೆಕೆಂಡ್ ಹ್ಯಾಂಡ್ ಕೊಂಡ. ಒಳಗೇ ಹಾಸಿಗೆ, ಒಲೆ, ಸಿಂಕು, ತಿರುಗಿದರೆ ಮೊಣಕೈ ತಗಲುವಷ್ಟು ಬಚ್ಚಲು. ನಾವೆಲ್ಲ ವ್ಯಾನು ಅಂದರೆ ಅವನಿಗೆ ಸಿಟ್ಟು ಬರುತ್ತಿತ್ತು, ಮನೆಗಾಡಿ ಅನ್ನಬೇಕು. ಮೊದಲ ವರ್ಷ ಗಂಡ ಹೆಂಡತಿ ಅದರಲ್ಲಿ ಸ್ಕಾಟ್‌ಲೆಂಡಿನ ತುದಿಯವರೆಗೆ ಹೋಗಿ, ಸಮುದ್ರದ ಎದುರು ಚಿತ್ರಾನ್ನ ಕಲಸಿಕೊಂಡು ತಿಂದು ಬಂದಿದ್ದರು. ಸ್ಟೀರಿಂಗ್ ಮಾತ್ರ ಯಾವಾಗಲೂ ಅಣ್ಣನ ಕೈಯಲ್ಲಿ. ಬೇರೆಯವರು ಓಡಿಸುವ ಗಾಡಿಯಲ್ಲಿ ಅವನು ಸುಮ್ಮನೆ ಕೂರುವ ಜಾತಿಯಲ್ಲ. ಇಲ್ಲದ ಬ್ರೇಕನ್ನು ಬಲಗಾಲಲ್ಲಿ ಒತ್ತುತ್ತಾ ಪಕ್ಕದವರ ಪ್ರಾಣ ತಿನ್ನುತ್ತಾನೆ. ರಾತ್ರಿಯಿಡೀ ವಿಮಾನದಲ್ಲಿ ಬಂದಿಳಿದು ನನ್ನ ಕಾರು ಹತ್ತಿದ ದಿನವೂ ಅವನು ರೆಪ್ಪೆ ಮುಚ್ಚಲಿಲ್ಲ. "ನೀನು ಓಡಿಸ್ತಿರೋವಾಗ ನಿದ್ದೆ ಹೇಗೆ ಬರತ್ತೆ ರಜನಿ?" ಅಂದ. ಅವತ್ತು ಅವನನ್ನು ಮೋಟರ್‌ವೇ ಅಂಚಿನ ಹಾರ್ಡ್ ಶೋಲ್ಡರ್‌ನಲ್ಲೇ ಇಳಿಸಿ ಹೋಗಬೇಕೆನಿಸಿತ್ತು.

ಆಮೇಲೆ ಅವನ ಕಣ್ಣು ಕೆಟ್ಟಿತು. ಊಟಕ್ಕೆ ಕೂತಾಗ ಎಡಗಡೆ ಇಟ್ಟ ನೀರಿನ ಲೋಟಕ್ಕೆ ಅವನ ಕೈ ಪದೇ ಪದೇ ತಗಲುವುದನ್ನು ಗಮನಿಸಿದವರು ಅತ್ತಿಗೆಯೇ. ಯಾವಾಗಿನಿಂದ ಅಂತ ಕೇಳಿ, ಕಣ್ಣಿನ ಆಸ್ಪತ್ರೆಗೆ ಕರೆದೊಯ್ದು, ಗ್ಲಾಕೋಮಾ ಅಂತ ಗೊತ್ತಾದ ಮೇಲೆ ಎದುರಿಗೆ ಕೂರಿಸಿಕೊಂಡು ಲೈಸೆನ್ಸ್ ವಾಪಸ್ ಕಳಿಸುವಂತೆ ಮಾಡಿದರು. ಇದ್ದ ದೃಷ್ಟಿಯನ್ನು ಕಾಪಾಡಬಹುದು, ಹೋದದ್ದು ಬರುವುದಿಲ್ಲ ಅಂತ ಆಸ್ಪತ್ರೆಯಲ್ಲಿ ಹೇಳಿದ್ದರು. ಅಣ್ಣ ಜಗಳವಾಡಲಿಲ್ಲ. ಜಗಳವಾಡಿದ್ದರೆ ಎಷ್ಟೋ ಚೆನ್ನಾಗಿತ್ತು. ಹೂಂ, ಉಹೂಂ ಎರಡೇ ಮಾತು ಇಟ್ಟುಕೊಂಡು, ಮುಂದಿನ ಕೋಣೆಯ ಕಿಟಕಿಯ ಹತ್ತಿರ ಕೂತುಬಿಟ್ಟ. ವಾಕಿಂಗ್ ಬಿಟ್ಟ, ಲೈಬ್ರರಿ ಬಿಟ್ಟ, ಕನ್ನಡ ಸಂಘದ ಕಡೆ ತಲೆ ಹಾಕುವುದನ್ನೂ ಬಿಟ್ಟ.

ನನಗೆ ಗೊತ್ತಿದ್ದ ಕಾರಣ ಇನ್ನೊಂದಿತ್ತು, ಅವನು ನನಗೊಬ್ಬಳಿಗೇ ಹೇಳಿದ್ದು. ಲೈಸೆನ್ಸ್ ಬಿಡುವ ಮುಂಚಿನ ತಿಂಗಳುಗಳಲ್ಲಿ ಗಾಡಿ ಅವನ ಕೈಗೆ ಸಿಗುತ್ತಲೇ ಇರಲಿಲ್ಲವಂತೆ. ನೇರ ಹಿಡಿದರೂ ಎಡಕ್ಕೋ ಬಲಕ್ಕೋ ಅಲೆದಾಡುತ್ತಿತ್ತಂತೆ. "ವಿಜಯಾನ ಪಕ್ಕದಲ್ಲಿ ಕೂರಿಸ್ಕೊಂಡು ಮೋಟರ್‌ವೇ ತುಂಬಾ ಕುಡುಕನ ಹಾಗೆ ಓಡಿಸಿದೀನಿ ಕಣೇ. ನನ್ನ ಕೈಗೇ ನೇರ ಯಾವ್ದು ಅಂತ ಮರೆತುಹೋಗಿತ್ತು" ಅಂದ. ನಲವತ್ತು ವರ್ಷ ಗಾಡಿ ಓಡಿಸಿದವನ ಬಾಯಲ್ಲಿ ಆ ಮಾತು ಕೇಳಿ ನನಗೆ ಅಳು ಬಂತು, ನಾನಿರುವ ಬರ್ಮಿಂಗ್‌ಹ್ಯಾಮಿಗೆ ವಾಪಸ್ ಹೋಗುವ ರೈಲಿನಲ್ಲಿ ಕೂತು ಅತ್ತೆ.

ಎರಡು ಸಾವಿರದ ನಾಲ್ಕರ ಚಳಿಗಾಲ ಮುಗಿಯುತ್ತಿದ್ದ ಹಾಗೆ ಅಣ್ಣ ಮನೆಗಾಡಿ ಮಾರುವುದಕ್ಕೆ ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟ. ಲೀಡ್ಸ್‌ನವನೊಬ್ಬ ಫೋನ್ ಮಾಡಿ, ಯುಗಾದಿ ಆದ ಮರುವಾರ ಬಂದು ನೋಡುತ್ತೇನೆ ಅಂದ. ಅತ್ತಿಗೆ ಅದನ್ನು ಕೇಳಿ, ಸಾಂಬಾರ್ ಸೌಟು ಕೆಳಗಿಟ್ಟು ಹೇಳಿದರು: "ಮಾರೋದು ಬೇಡ. ನಾನು ಓಡಿಸ್ತೀನಿ."

ಅಣ್ಣ ಆ ವಾರದಲ್ಲೇ ಮೊದಲ ಸಲ ಪೂರ್ತಿ ವಾಕ್ಯ ಮಾತಾಡಿದ. "ಆ ಗಾಡಿಗೆ ಇದ್ದೋನು ಒಬ್ನೇ ಡ್ರೈವರ್. ಅವನ ಕಥೆ ಮುಗೀತು."

"ಯುಗಾದಿವರೆಗೂ ಟೈಮ್ ಕೊಡಿ" ಅಂದರು ಅತ್ತಿಗೆ. "ಅಷ್ಟರೊಳಗೆ ನನ್ನ ಕೈಗೆ ಬರಲಿಲ್ಲ ಅಂದ್ರೆ ನಾನೇ ಲೀಡ್ಸ್‌ನೋನಿಗೆ ಕೀ ಕೊಡ್ತೀನಿ."

ವಾಸ್ತವವಾಗಿ ಅವರಿಗೆ ಬೇಕಾಗಿದ್ದದ್ದು ಗಾಡಿಯಲ್ಲ. ಗಂಡ ಆ ಕಿಟಕಿ ಬಿಟ್ಟು ಏಳಬೇಕಾಗಿತ್ತು. ಗಾಡಿ ಮಾರಿಹೋದರೆ ಅವನು ಅಲ್ಲೇ ಕೂತು ಮುದುಕನಾಗುತ್ತಾನೆ ಅಂತ ನನಗೂ ಅನಿಸಿತ್ತು. ಆದರೆ ಗಿಡ್ಡ ಕಾರೊಂದರಲ್ಲಿ ರೋಗಿಗಳ ಮನೆಗೆ ಹೋಗಿಬಂದು ಅಭ್ಯಾಸವಿದ್ದ ಹೆಂಗಸು ಬಸ್ಸಿನಷ್ಟು ಅಗಲದ ಗಾಡಿಯನ್ನು ಬ್ರೂಮ್‌ಹಿಲ್‌ನ ಆ ಇಳಿಜಾರು ಬೀದಿಗಳಲ್ಲಿ ಹೇಗೆ ಇಳಿಸುತ್ತಾರೆ ಅಂತ ನಾನು ಮನಸ್ಸಿನಲ್ಲೇ ಹಲ್ಲುಕಿರಿದೆ. ಜೊತೆಗೆ ಬರ್ತೀಯಾ ಅಂತ ಕೇಳಿದಾಗ ಹೋದದ್ದೂ ಅರ್ಧ ತಮಾಷೆ ನೋಡುವುದಕ್ಕೇ.

ತಮಾಷೆ ಎಂ ಒನ್ ಮೋಟರ್‌ವೇ ಹತ್ತುವವರೆಗೆ ಮಾತ್ರ ಇತ್ತು. ಮೊದಲ ಲಾರಿ ನಮ್ಮನ್ನು ದಾಟಿದಾಗ ಗಾಡಿ ಎಡಕ್ಕೆ ತಳ್ಳಿಸಿಕೊಂಡು, ಲಾರಿಯ ಹೊಟ್ಟೆ ಪಕ್ಕಕ್ಕೆ ಬರುತ್ತಿದ್ದಂತೆ ಬಲಕ್ಕೆ ಎಳೆದುಕೊಂಡಿತು. ಅತ್ತಿಗೆ ಸ್ಟೀರಿಂಗ್ ತಿರುಗಿಸಿದರೆ ಸ್ವಲ್ಪ ಹೊತ್ತು ಏನೂ ಆಗುವುದಿಲ್ಲ, ಆಮೇಲೆ ಬೇಕಾದ್ದಕ್ಕಿಂತ ಹೆಚ್ಚೇ ಆಗುತ್ತದೆ. ಮುಂದಿನ ಚಕ್ರಗಳು ನೆಲದ ಮೇಲೆ ಇವೆಯೋ ಇಲ್ಲವೋ ಅನ್ನುವ ಹಾಗಿತ್ತು. ನಾನು ಗೊತ್ತಿದ್ದ ದೇವರನ್ನೆಲ್ಲ ಕರೆದೆ. ಅತ್ತಿಗೆ ಮಾತ್ರ ತುಟಿ ಕಚ್ಚಿ ಮುಂದಿನ ಎಕ್ಸಿಟ್‌ನಲ್ಲಿ ಇಳಿದು, ಪಕ್ಕಕ್ಕೆ ನಿಲ್ಲಿಸಿ ನಕ್ಕರು.

"ನಗ್ತೀರಲ್ಲ!" ಅಂದೆ ನಾನು.

"ನನಗೂ ಅಲೆದಾಡ್ತಿದೆ ರಜನಿ" ಅಂದರು. "ನನ್ನ ಕಣ್ಣು ಸರಿಯಾಗೇ ಇದೆಯಲ್ಲ."

ಅವರು ಹೇಳಿದ್ದು ನನ್ನ ತಲೆಗೆ ಇಳಿಯುವುದಕ್ಕೆ ಒಂದು ಕ್ಷಣ ಹಿಡಿಯಿತು. ಅಣ್ಣ ತನ್ನ ಕೈ ಕೆಟ್ಟಿತು ಅಂತ ಅಂದುಕೊಂಡು ಕೂತಿದ್ದಾನೆ. ಕೆಟ್ಟದ್ದು ಗಾಡಿ ಇರಬಹುದು. ಅವನು ನನಗೊಬ್ಬಳಿಗೇ ಹೇಳಿದ್ದೆಂದು ನಾನು ಬೀಗುತ್ತಿದ್ದ ಗುಟ್ಟು ಅತ್ತಿಗೆಗೆ ಹೇಳದೆಯೇ ಗೊತ್ತಿತ್ತು. ಮೂವತ್ತು ವರ್ಷ ಒಂದೇ ಮಂಚದಲ್ಲಿ ಮಲಗಿದವರಿಗೆ ಗೊತ್ತಾಗದೆ ಇರುತ್ತದೆಯೇ.

ಸುದ್ದಿ ಸಂಘಕ್ಕೆ ಮುಟ್ಟಿತು. ಮುಟ್ಟಿಸಿದವಳು ನಾನೇ. ತಕ್ಷಣ ಕಾರ್ಯದರ್ಶಿ ಸುಮುಖ್ ಲೆಮಿಂಗ್ಟನ್ ಸ್ಪಾ ಅನ್ನುವ ಊರಿನಿಂದ ಓಡಿಬಂದ. ಬೆಂಗಳೂರಿನ ಹುಡುಗ, ವಿಡಿಯೋ ಗೇಮ್ ಕಂಪನಿಯಲ್ಲಿ ಕೆಲಸ. ರೇಸಿನ ಆಟದಲ್ಲಿ ಕಾರುಗಳು ತಿರುವಿನಲ್ಲಿ ಹೇಗೆ ವಾಲಬೇಕು ಅನ್ನುವ ಲೆಕ್ಕ ಬರೆಯುವವನು. ಗಾಡಿಯನ್ನು ಒಂದು ಸುತ್ತು ಹಾಕಿ, ಟೈರಿಗೆ ಒಂದು ಒದೆ ಕೊಟ್ಟು, ಮದ್ದು ಹೇಳುವುದಕ್ಕೆ ಶುರುಮಾಡಿದ. "ಆಂಟಿ, ಸ್ಟೀರಿಂಗ್ ಡ್ಯಾಂಪರ್ ಹಾಕ್ಸಿ. ಹಿಂದೆ ಏರ್ ಸಸ್ಪೆನ್ಷನ್ ಹಾಕ್ಸಿ. ಆ್ಯಂಟಿ ರೋಲ್ ಬಾರ್ ದಪ್ಪದ್ದು ಸಿಗತ್ತೆ. ಶಾಕ್ ಅಬ್ಸಾರ್ಬರ್ ಎಲ್ಲಾ ಚೇಂಜ್ ಮಾಡಿ. ಒಟ್ಟಿಗೇ ಮಾಡ್ಸಿಬಿಟ್ರೆ ತಲೆನೋವೇ ಇರಲ್ಲ."

"ಸುಮುಖ್," ಅಂದರು ಅತ್ತಿಗೆ ಬಹಳ ನಯವಾಗಿ, "ಪೇಷಂಟ್‌ನ ಮುಟ್ಟೂ ನೋಡ್ದೆ ನಾಲ್ಕು ಮಾತ್ರೆ ಬರೆದ್ಯಲ್ಲಪ್ಪ. ಯಾವುದರಿಂದ ವಾಸಿ ಆಯ್ತು ಅಂತ ಹೇಗೆ ಗೊತ್ತಾಗತ್ತೆ?"

ಆಸ್ಪತ್ರೆಯ ಫಾರ್ಮಸಿಯಲ್ಲಿ ಕೂತು, ಒಂದೇ ಚೀಟಿಯಲ್ಲಿ ಹತ್ತು ಮಾತ್ರೆ ಬರೆದು ಕಳಿಸುವ ಡಾಕ್ಟರುಗಳನ್ನು ದಿನಾ ಬಾಯಿಗೆ ಬಂದಂತೆ ಬಯ್ಯುವವಳು ನಾನು. ಅತ್ತಿಗೆಯ ಆ ಮಾತಿಗೆ ನಾನು ಅಲ್ಲೇ ಸೋತೆ. ತೋರಿಸಿಕೊಳ್ಳಲಿಲ್ಲ ಅಷ್ಟೇ.

ಆ ಸಂಜೆ ಅತ್ತಿಗೆ ಕಾಫಿ ಹಿಡಿದು ಕಿಟಕಿಯ ಹತ್ತಿರ ಹೋಗಿ ಕೂತರು. "ರೀ, ಗಾಡಿ ಅಲೆದಾಡೋದು ಯಾವಾಗಿನಿಂದ?"

"ಬಿಡು ವಿಜಯಾ."

"ಮೊದಲ ವರ್ಷ ಹೇಗಿತ್ತು?"

"ಬೆಣ್ಣೆ ಹಾಗಿತ್ತು. ಒಂದು ಬೆರಳಲ್ಲಿ ಓಡಿಸ್ತಿದ್ದೆ." ತಾನಾಗಿಯೇ ಮುಂದುವರಿದ. "ಹೋದ ಸಲದ ಹಿಂದಿನ ದೀಪಾವಳಿ ಆದ್ಮೇಲೆ ಶುರುವಾಯ್ತು. ಕಣ್ಣೂ ಆಗಲೇ ಮಂಜಾಗಕ್ಕೆ ಶುರುವಾಗಿದ್ದು. ಮತ್ತೇನು ಕೇಳ್ತೀಯ?"

"ಎರಡೂ ಒಟ್ಟಿಗೆ ಬಂತು ಅಂದ ಮಾತ್ರಕ್ಕೆ ಒಂದರಿಂದ ಇನ್ನೊಂದು ಬಂತು ಅಂತ ಅಲ್ಲ. ಆ ದೀಪಾವಳಿಲಿ ಗಾಡಿಗೆ ಏನಾಯ್ತು?"

"ಏನೂ ಆಗಲಿಲ್ಲ" ಅಂದ ಅಣ್ಣ. ತಪ್ಪು ನನ್ನದೇ ಅಂತ ಒಪ್ಪಿಕೊಂಡುಬಿಟ್ಟವನು ಬೇರೆ ಕಡೆ ಹುಡುಕುವುದಿಲ್ಲ. ಗೇರಿನ ಹಲ್ಲು ಕೂದಲೆಳೆಯಷ್ಟು ಸವೆದರೂ ಕಂಡುಹಿಡಿಯುತ್ತಿದ್ದ ಮನುಷ್ಯ, ತನ್ನ ಗಾಡಿಯ ಹಿಂದುಗಡೆ ಒಮ್ಮೆಯೂ ಬಗ್ಗಿ ನೋಡಿರಲಿಲ್ಲ.

ಮರುದಿನ ಶನಿವಾರ. ಊರಾಚೆಯ ಗುಜರಿ ಅಂಗಳದಲ್ಲಿ ಸಾರ್ವಜನಿಕರಿಗೂ ತೂಕ ಹಾಕಿಕೊಡುವ ವೇ ಬ್ರಿಡ್ಜ್ ಇದೆ ಅಂತ ಅತ್ತಿಗೆ ವಿಚಾರಿಸಿ ಬಂದರು. "ಜ್ವರ ನೋಡಕ್ಕೆ ಮುಂಚೆ ತೂಕ ನೋಡ್ಬೇಕು" ಅಂದು ಕೀ ತೆಗೆದುಕೊಂಡಾಗ ಅಣ್ಣ ಕೋಟು ಹಾಕಿಕೊಂಡು ಎದ್ದ. ಅವನಿಗೆ ತೂಕದ ಮೇಲೆ ಆಸಕ್ತಿ ಹುಟ್ಟಿತು ಅಂತ ನಾನು ಹಿಗ್ಗಿದೆ. ಹಾಗೇನಿಲ್ಲ, ಅತ್ತಿಗೆ ಗೇಟಿನ ಕಂಬಕ್ಕೆ ಗುದ್ದುತ್ತಾರೆ ಅನ್ನುವ ಭಯಕ್ಕೆ ಹೊರಟಿದ್ದ. ದಾರಿಯುದ್ದಕ್ಕೂ ಎಡಗಡೆಯ ಸೀಟಿನಿಂದ ಕೈ ಚಾಚಿ ಚಾಚಿ ಸ್ಟೀರಿಂಗ್ ಹಿಡಿಯಲು ಹೋಗಿ ಬೈಸಿಕೊಂಡ.

ವೇ ಬ್ರಿಡ್ಜ್‌ನವನು ಮೊದಲು ಮುಂದಿನ ಚಕ್ರಗಳನ್ನಷ್ಟೇ ಹತ್ತಿಸಿ ತೂಗಿದ, ಆಮೇಲೆ ಪೂರ್ತಿ ಗಾಡಿಯನ್ನು, ಆಮೇಲೆ ಹಿಂದಿನ ಚಕ್ರಗಳನ್ನು. ತೂಕದ ಮುಳ್ಳಿನ ಕಡೆ ನೋಡಿ ಕಿಟಕಿಯಿಂದ ತಲೆ ಹೊರಹಾಕಿದ. "ಹಿಂದೆ ಏನು, ಆನೆ ಮಲಗಿಸಿದ್ದೀಯಾ ಲವ್?" ಅಂತ ಅವರ ಇಂಗ್ಲಿಷಿನಲ್ಲಿ ಕೇಳಿದ, ಅಲ್ಲಿಯವರು ಹೆಂಗಸರನ್ನೆಲ್ಲ ಲವ್ ಅಂತಲೇ ಕರೆಯುವುದು. ಹಿಂದಿನ ಚಕ್ರಗಳ ಅಚ್ಚಿನ ಮೇಲೆ ಗಾಡಿಯ ಬಾಗಿಲಿನ ತಗಡಿನಲ್ಲಿ ಬರೆದಿದ್ದ ಮಿತಿಗಿಂತ ಹೆಚ್ಚು ಭಾರ. ಮುಂದಿನದರ ಮೇಲೆ ಇರಬೇಕಾದ್ದಕ್ಕಿಂತ ಎಷ್ಟೋ ಕಡಿಮೆ.

ಅತ್ತಿಗೆ ಇಳಿದು ಹಿಂದಕ್ಕೆ ಹೋಗಿ, ಹಾಸಿಗೆಯ ಕೆಳಗಿರುವ ದೊಡ್ಡ ಡಿಕ್ಕಿಯ ಬಾಗಿಲು ತೆಗೆದರು. ನಾನು ನೋಡಿ ಹಣೆ ಚಚ್ಚಿಕೊಂಡೆ.

ಒಳಗಿದ್ದದ್ದು ನಮ್ಮ ಕನ್ನಡ ಸಂಘ. ಬೆಂಗಳೂರಿನಿಂದ ಹಡಗಿನಲ್ಲಿ ತರಿಸಿದ್ದ, ಮೂರು ಕಲ್ಲಿನ ದೊಡ್ಡ ವೆಟ್ ಗ್ರೈಂಡರ್. ಇನ್ನೂರು ಜನಕ್ಕೆ ಹುಳಿ ಮಾಡುವ ಕೊಳಗ, ಅದರೊಳಗೆ ಇನ್ನೊಂದು ಕೊಳಗ. ಉದ್ಘಾಟನೆಗೆ ಹಚ್ಚುವ ಆಳೆತ್ತರದ ಹಿತ್ತಾಳೆ ದೀಪ, ಬಿಡಿಬಿಡಿಯಾಗಿ. ಎರಡು ಸ್ಪೀಕರ್ ಪೆಟ್ಟಿಗೆ, ಕಬ್ಬಿಣದ ಗ್ಯಾಸ್ ಒಲೆಗಳು, ಮಡಚುವ ಕುರ್ಚಿಗಳು, ಯಾರೋ ಮರೆತ ಸೋನಾ ಮಸೂರಿಯ ಮೂಟೆ. ರಾಜ್ಯೋತ್ಸವಕ್ಕೆ ಪ್ಲಾಸ್ಟರಿನಲ್ಲಿ ಮಾಡಿಸಿದ್ದ ತಾಯಿ ಭುವನೇಶ್ವರಿ, ಹಳೆಯ ಸೀರೆಯಲ್ಲಿ ಸುತ್ತಿಸಿಕೊಂಡು, ಗ್ರೈಂಡರಿಗೆ ಒರಗಿ ಕೂತಿದ್ದಳು.

ನಡೆದದ್ದು ಇಷ್ಟು. ಆ ದೀಪಾವಳಿಯಲ್ಲಿ, ನಾವು ಬಾಡಿಗೆಗೆ ಹಿಡಿಯುತ್ತಿದ್ದ ಹಾಲ್‌ನವರು ಸಾಮಾನಿನ ಕೋಣೆಯನ್ನು ವಾಪಸ್ ತೆಗೆದುಕೊಂಡರು. ಗ್ರೈಂಡರ್ ಎಲ್ಲಿಡುವುದು? ಜಗದೀಶಣ್ಣನ ವ್ಯಾನಿನ ಹಿಂದೆ ಜಾಗವಿದೆಯಲ್ಲ, ಒಂದು ವಾರಕ್ಕೆ. ಗ್ರೈಂಡರಿನ ಹಿಂದೆ ಕೊಳಗ ಬಂತು, ಕೊಳಗದ ಹಿಂದೆ ದೀಪ ಬಂತು. ಇದೊಂದು ಇಟ್ಟುಬಿಡಿ ಅಣ್ಣ, ಅಂತ ಒಬ್ಬೊಬ್ಬರೂ ಒಂದೊಂದು ತುರುಕಿದರು. ಇಂಗ್ಲಿಷಿನವನಾಗಿದ್ದರೆ ಮೊದಲ ದಿನವೇ ಸಾರಿ ಅಂತಿದ್ದ. ನಮ್ಮಲ್ಲಿ ಇಲ್ಲ ಅನ್ನುವುದಕ್ಕೆ ಯಾರಿಗೆ ನಾಲಿಗೆ ಹೊರಳುತ್ತದೆ? ಸ್ಕಾಟ್‌ಲೆಂಡಿನ ಸಮುದ್ರಕ್ಕೆ ಬೆಣ್ಣೆಯಂತೆ ಹೋಗಿಬಂದ ಗಾಡಿ ಆಮೇಲೆ ಹೋದಲ್ಲೆಲ್ಲ ಇನ್ನೂರು ಜನದ ಊಟದ ಪಾತ್ರೆಗಳನ್ನು ಬಾಲಕ್ಕೆ ಕಟ್ಟಿಕೊಂಡೇ ಹೋಗಿತ್ತು.

ಅಣ್ಣ ಡಿಕ್ಕಿಯ ಮುಂದೆ ನಿಂತುಕೊಂಡು ನೋಡಿದ. ಪಕ್ಕಕ್ಕೆ ಕಾಣದ ಕಣ್ಣಾದ್ದರಿಂದ ತಲೆಯನ್ನು ಈ ಕಡೆಯಿಂದ ಆ ಕಡೆಗೆ ಪೂರ್ತಿ ತಿರುಗಿಸಿ ನೋಡಿದ. ಹಿಂದಿನ ಚಕ್ರದಿಂದ ಗಾಡಿಯ ಬಾಲದವರೆಗೆ ಗೇಣು ಹಾಕಿ ಅಳೆದ. "ನೀರೆತ್ತೋ ಏತ" ಅಂದ ಕೊನೆಗೆ. "ಹಿಂದಿನ ಚಕ್ರ ಕಂಬ. ಭಾರ ಎಲ್ಲಾ ಬಾಲದಲ್ಲಿ ಕೂತಿದೆ. ಮೂತಿ ಮೇಲೆತ್ತಿದೆ. ಮುಂದಿನ ಟೈರಿಗೆ ರಸ್ತೆ ಹಿಡಿಯಕ್ಕೆ ತೂಕವೇ ಇಲ್ಲ." ಆಮೇಲೆ ಸ್ವರ ಸಣ್ಣಗಾಯಿತು. "ಹಾಗಾದ್ರೆ ವಿಜಯಾ, ನನ್ನ ಕೈ..."

"ನಿಮ್ಮ ಕೈಗೆ ಏನೂ ಆಗಿಲ್ಲ" ಅಂದರು ಅತ್ತಿಗೆ. "ಕಣ್ಣಿಗೆ ಆಗಿದೆ. ಅದಕ್ಕೆ ಲೈಸೆನ್ಸ್ ವಾಪಸ್ ಕೊಟ್ಟಿದ್ದು, ಸರಿಯಾಗೇ ಮಾಡಿದ್ದು. ಕೈ ಮಾತ್ರ ಕೊನೇ ದಿನದವರೆಗೂ ಸರಿ ಇತ್ತು ರೀ. ಇಷ್ಟು ಭಾರ ಹೊತ್ಕೊಂಡು, ಇಂಥಾ ಗಾಡೀನ ರಸ್ತೆ ಮೇಲೆ ಇಟ್ಟಿದ್ದೇ ಆ ಕೈ."

ಸುಳ್ಳು ಸಮಾಧಾನ ಒಂದಿಷ್ಟೂ ಬೆರೆಸದೆ, ಇದ್ದದ್ದನ್ನು ಇದ್ದ ಹಾಗೆ ಹೇಳಿ ಒಬ್ಬ ಮನುಷ್ಯನ ಬೆನ್ನು ನೆಟ್ಟಗೆ ಮಾಡಬಹುದು ಅಂತ ನಾನು ಅವತ್ತು ಕಂಡೆ. ಅಣ್ಣ ಕರವಸ್ತ್ರ ತೆಗೆದು ಮೂಗು ಒರೆಸಿಕೊಂಡ. ಗುಜರಿಯವನಿಗೆ ತಾಯಿ ಭುವನೇಶ್ವರಿ ಯಾರು ಅಂತ ವಿವರಿಸುವ ಕೆಲಸ ನನ್ನ ಪಾಲಿಗೆ ಬಂತು.

ಆ ರಾಶಿಯನ್ನು ಇಳಿಸುವಾಗ ನಡೆದ ಗಲಾಟೆ ಬೇರೆಯೇ ಕಥೆ. "ಯುಗಾದಿ ಮುಗಿಯೋವರೆಗಾದ್ರೂ ಇಟ್ಕೊಳ್ಳಿ ಆಂಟಿ" ಅಂತ ಸುಮುಖ್ ಫೋನಿನಲ್ಲಿ ಗೋಗರೆದ. ಅತ್ತಿಗೆ ಮಾತಾಡುವ ಮೊದಲೇ ನಾನು ಫೋನು ಕಿತ್ತುಕೊಂಡು, ನಿನ್ನ ಆಟದ ಕಾರಿನ ಹಿಂದೆ ಕಟ್ಟಿಕೋ ಅಂದೆ. ಗ್ರೈಂಡರು ಕೊನೆಗೆ ಲೆಮಿಂಗ್ಟನ್ನಿನಲ್ಲಿ ಅವನ ಫ್ಲಾಟಿಗೇ ಹೋಯಿತು. ಲಿಫ್ಟಿಲ್ಲದ ಮೂರನೇ ಮಹಡಿ. ನನಗೆ ಹೊಟ್ಟೆಗೆ ಹಾಲು ಹೊಯ್ದಂತಾಯಿತು.

ಖಾಲಿಯಾದ ಗಾಡಿಯನ್ನು ಅತ್ತಿಗೆ ಮತ್ತೆ ಎಂ ಒನ್‌ನಲ್ಲಿ ಅದೇ ಎಕ್ಸಿಟ್‌ವರೆಗೆ ಓಡಿಸಿದರು. ಎಷ್ಟೋ ವಾಸಿ. ನಾನಾಗಿದ್ದರೆ ಅಲ್ಲಿಗೆ ಕೈತೊಳೆದುಕೊಂಡು ಹೋಳಿಗೆ ತಟ್ಟುತ್ತಿದ್ದೆ. ಅತ್ತಿಗೆ "ಇನ್ನೂ ಏನೋ ಉಳಿದಿದೆ" ಅಂದರು. ಏನು ಅಂತ ಹೇಳುವಷ್ಟು ತಮ್ಮ ಕೈ ಪಳಗಿಲ್ಲ ಅಂತಲೂ ಒಪ್ಪಿಕೊಂಡರು. ಆಮೇಲೆ ಅಣ್ಣನ ಕಡೆ ತಿರುಗಿ ಕೇಳಿದ ಮಾತು ಈಗಲೂ ನನ್ನ ಕಿವಿಯಲ್ಲಿದೆ.

"ನೀವು ಪಕ್ಕದಲ್ಲಿ ಕೂತು ಹೇಳ್ಬೇಕು. ರಸ್ತೆ ನೋಡ್ಬೇಡಿ, ನೋಡಿದ್ರೆ ಸ್ಟೀರಿಂಗ್‌ಗೆ ಕೈ ಹಾಕ್ತೀರಿ. ಕಣ್ಣು ಮುಚ್ಕೊಳ್ಳಿ. ಸೀಟು ಏನು ಹೇಳತ್ತೋ ಅದನ್ನ ಹೇಳಿ."

ಕಣ್ಣು ಹೋಗುತ್ತಿದೆ ಅಂತ ಕೊರಗುತ್ತಿದ್ದವನಿಗೆ ಕಣ್ಣು ಬೇಕಿಲ್ಲದ ಕೆಲಸ ಕೊಟ್ಟರಲ್ಲ, ಆ ಬುದ್ಧಿವಂತಿಕೆಗೆ ಏನೆನ್ನಲಿ! ಅಣ್ಣ ಮೊದಲು ಮುಖ ಊದಿಸಿಕೊಂಡ. ಆಮೇಲೆ ಎರಡೂ ಅಂಗೈ ತೊಡೆಯ ಮೇಲಿಟ್ಟು, ಕಣ್ಣು ಮುಚ್ಚಿ, ವೀಣೆ ಕೇಳುವವನ ಹಾಗೆ ಕೂತ. "ಎಡಕ್ಕೆ ಹೋಯ್ತು... ನೀನು ತಿರುಗಿಸ್ದೆ... ಜಾಸ್ತಿ ತಿರುಗಿಸ್ದೆ. ಗಟ್ಟಿ ಹಿಡೀಬೇಡ, ಕಾಯಿ. ಈಗ ನೋಡು, ಚಿಕ್ಕ ಗುಂಡಿಗೂ ಮುಂದಿನ ಟೈರು ಚೆಂಡಿನ ಹಾಗೆ ಪುಟೀತಿದೆ. ಗಾಳಿ ಜಾಸ್ತಿ ಆಯ್ತು ವಿಜಯಾ."

ಭಾರದ ಗಾಡಿ ಅಂತ ಅವನೇ ಟೈರುಗಳಿಗೆ ಗರಿಷ್ಠ ಗಾಳಿ ತುಂಬಿಸುತ್ತಿದ್ದದ್ದು. ಅತ್ತಿಗೆ ಹೊಸ ತೂಕದ ಚೀಟಿ ಹಿಡಿದು ಟೈರು ಕಂಪನಿಗೆ ಫೋನ್ ಮಾಡಿ, ಇಷ್ಟು ತೂಕಕ್ಕೆ ಎಷ್ಟು ಗಾಳಿ ಅಂತ ಕೇಳಿದರು. ಅವರು ಹೇಳಿದ್ದಕ್ಕೆ ಇಳಿಸಿ, ಮತ್ತೆ ಅದೇ ರಸ್ತೆ, ಅದೇ ಎಕ್ಸಿಟ್. ಒಂದು ಸಲಕ್ಕೆ ಒಂದೇ ಬದಲಾವಣೆ. ಪ್ರತಿ ವಾರಾಂತ್ಯ ನಾನು ಹಿಂದಿನ ಸೋಫಾದಲ್ಲಿ ಬೆಲ್ಟ್ ಕಟ್ಟಿಕೊಂಡು ಕೂತು, ಮುಂದೆ ಆ ಇಬ್ಬರ ಸಂಭಾಷಣೆ ಕೇಳುತ್ತಿದ್ದೆ. ಕಣ್ಣು ಮುಚ್ಚಿದ ಗಂಡ ಹೇಳುತ್ತಾನೆ, ಕಣ್ಣು ಬಿಟ್ಟ ಹೆಂಡತಿ ಕಲಿಯುತ್ತಾಳೆ. ಮದುವೆಯಾದ ಹೊಸದರಲ್ಲೂ ಅವರು ಅಷ್ಟು ಮಾತಾಡಿರಲಿಕ್ಕಿಲ್ಲ.

ಕೊನೆಯದು ವೀಲ್ ಅಲೈನ್‌ಮೆಂಟ್, ಚಕ್ರಗಳ ನೇರ ಸರಿಮಾಡಿಸುವುದು. ಗ್ಯಾರೇಜಿನವನು ಗಾಡಿ ಬಿಟ್ಟುಹೋಗಿ, ಸಂಜೆ ಬನ್ನಿ ಅಂದ. ಅತ್ತಿಗೆ ಬಿಡಲಿಲ್ಲ. ಖಾಲಿ ಗಾಡಿಗೆ ಅಳತೆ ಹಿಡಿದರೆ ಖಾಲಿ ಗಾಡಿ ನೇರ ಹೋಗುತ್ತದೆ, ನಾವು ಖಾಲಿ ಗಾಡಿಯಲ್ಲಿ ಹೋಗುವುದಿಲ್ಲ ಅಂತ ಪಟ್ಟು ಹಿಡಿದರು. ನೀರಿನ ಟ್ಯಾಂಕು, ಗ್ಯಾಸು, ಅಕ್ಕಿ ಬೇಳೆ ಡಬ್ಬಗಳು, ಕುಕ್ಕರ್, ಬಟ್ಟೆಬರೆ ಎಲ್ಲ ತುಂಬಿ, ಮುಂದೆ ಗಂಡ ಹೆಂಡತಿ ಕೂತು, ಹಿಂದೆ ನನ್ನನ್ನೂ ಕೂರಿಸಿಕೊಂಡರು. ನಾವು ಮೂವರೂ ಗಾಡಿಯೊಳಗೆ ಪುಳಿಯೋಗರೆ ತಿನ್ನುತ್ತಾ ಕೂತಿದ್ದರೆ ಕೆಳಗೆ ಅವನು ಅಳತೆ ಹಿಡಿದ. ಮೊದಲು ನಕ್ಕ. ಚಕ್ರಗಳೆರಡೂ ಮುಂದುಗಡೆ ಹೊರಕ್ಕೆ ಮುಖ ಮಾಡಿಕೊಂಡಿದ್ದನ್ನು ಕಂಡಮೇಲೆ ನಗು ನಿಲ್ಲಿಸಿ, ನೇರ ಮಾಡಿಕೊಟ್ಟು, ಹೀಗೆ ತುಂಬಿಕೊಂಡು ಬಂದದ್ದೇ ಒಳ್ಳೆಯದಾಯಿತು ಡಾಕ್ಟರ್ ಅಂದ. ಅವನಿಗೂ ಪುಳಿಯೋಗರೆ ಕೊಟ್ಟೆವು.

ಇಷ್ಟೆಲ್ಲ ಆದರೂ ಅಣ್ಣ ಮಾರುವುದಿಲ್ಲ ಅನ್ನಲಿಲ್ಲ. "ಎಂ ಒನ್ ಒಂದು ರಸ್ತೆನಾ? ಅಲ್ಲಿ ಗಾಳಿ ಎಲ್ಲಿದೆ? ಎಂ ಸಿಕ್ಸ್‌ಟಿ ಟೂನಲ್ಲಿ ಆ ಬೆಟ್ಟದ ನೆತ್ತಿ ದಾಟ್ಸು, ನನ್ನ ಕೈ ಸ್ಟೀರಿಂಗ್‌ಗೆ ಹೋಗ್ದೆ ಇದ್ರೆ ಆಮೇಲೆ ಮಾತಾಡೋಣ" ಅಂದ. ಲೀಡ್ಸ್‌ನವನಿಗೆ ಮುಂದಿನ ಶನಿವಾರ ಬಾ ಅಂತ ಹೇಳಿಯೂ ಆಗಿತ್ತು.

ಸಂಘದ ಯುಗಾದಿಯ ಊಟ ಆ ವರ್ಷ ಮ್ಯಾಂಚೆಸ್ಟರಿನಲ್ಲಿ. ಬೆಳಿಗ್ಗೆ ಬೇವುಬೆಲ್ಲ ಬಾಯಿಗೆ ಹಾಕಿಕೊಂಡು ಹೊರಟೆವು. ಲೀಡ್ಸ್ ಹತ್ತಿರ ಎಂ ಸಿಕ್ಸ್‌ಟಿ ಟೂ ಹಿಡಿದು ಪಶ್ಚಿಮಕ್ಕೆ ತಿರುಗುತ್ತಿದ್ದಂತೆ ಗಾಳಿ ಶುರುವಾಯಿತು. ಮೇಲೆ ಹೋದಂತೆ ಮರಗಳೇ ಇಲ್ಲ, ಕಂದು ಹುಲ್ಲಿನ ಬೋಳು ಬೆಟ್ಟ, ಎತ್ತರದ ಗಾಡಿಗಳು ನಿಧಾನ ಹೋಗಿ ಅನ್ನುವ ಬೋರ್ಡುಗಳು. ಹೋಗುವ ರಸ್ತೆ ಬರುವ ರಸ್ತೆಗಳ ನಡುವೆ ಸಿಕ್ಕಿಕೊಂಡಿರುವ ಒಂದು ಒಂಟಿ ತೋಟದ ಮನೆ ದಾಟುವಾಗ ಪಕ್ಕದಿಂದ ಒಂದು ಗಾಳಿ ಬೀಸಿ ಗಾಡಿಗೆ ತಟ್ಟಿತು. ಹಿಂದೆಯೇ ದೊಡ್ಡ ಟ್ರೇಲರ್ ಲಾರಿಯೊಂದು ನಮ್ಮನ್ನು ದಾಟುವುದಕ್ಕೆ ಬಲಗಡೆ ಬಂತು.

ಸೋಫಾದ ಅಂಚು ಹಿಡಿದುಕೊಂಡು ಅಣ್ಣನ ಕೈ ನೋಡಿದೆ. ಎರಡೂ ಕೈ ತೊಡೆಯ ಮೇಲಿದ್ದವು. ಲಾರಿ ನಮ್ಮನ್ನು ಸ್ವಲ್ಪ ತಳ್ಳಿತು, ಅತ್ತಿಗೆ ಮಣಿಕಟ್ಟನ್ನು ಇಷ್ಟೇ ಇಷ್ಟು ಅಲುಗಿಸಿದರು, ಗಾಡಿ ತನ್ನ ಗೆರೆಯಲ್ಲೇ ಉಳಿಯಿತು. ಲಾರಿ ಮುಂದೆ ಹೋಯಿತು. ಅತ್ತಿಗೆಯ ಭುಜಗಳು ಇಳಿದದ್ದನ್ನು ಹಿಂದಿನಿಂದ ನೋಡಿ ನನ್ನ ಕಣ್ಣು ತುಂಬಿಬಂತು. ನಾದಿನಿಯರಿಗೆ ಅತ್ತಿಗೆಯರ ಬೆನ್ನು ನೋಡಿ ಹೆಮ್ಮೆಯಾಗುವುದು ಅಪರೂಪ. ನನಗಾಯಿತು, ಹೇಳಿಕೊಳ್ಳುವುದಕ್ಕೆ ಏನೂ ಸಂಕೋಚವಿಲ್ಲ.

"ಈಗ ಸೀಟು ಏನು ಹೇಳ್ತಿದೆ ರೀ?" ಅಂದರು ಅತ್ತಿಗೆ, ರಸ್ತೆಯಿಂದ ಕಣ್ಣು ತೆಗೆಯದೆ.

ಅಣ್ಣ ಉತ್ತರ ಕೊಡಲಿಲ್ಲ. ಕಣ್ಣು ಮುಚ್ಚಿಯೇ ಇತ್ತು. ಯೋಚಿಸುತ್ತಿದ್ದಾನೆ, ಕುಂದು ಹುಡುಕುತ್ತಿದ್ದಾನೆ ಅಂದುಕೊಂಡು ನಾನು ಮುಂದಕ್ಕೆ ಬಗ್ಗಿದೆ. ಬಾಯಿ ಅರ್ಧ ತೆರೆದಿತ್ತು. ಸಣ್ಣಗೆ ಗೊರಕೆ ಬರುತ್ತಿತ್ತು.

"ಅತ್ತಿಗೆ," ಅಂದೆ ಪಿಸುಮಾತಿನಲ್ಲಿ, "ಮಲಗಿಬಿಟ್ಟಿದಾನೆ."

ಅವರು ಮೊದಲು ನಂಬಲಿಲ್ಲ. ಒಂದು ಕ್ಷಣ ಪಕ್ಕಕ್ಕೆ ನೋಡಿದರು. ಮತ್ತೆ ರಸ್ತೆ ನೋಡಿದರು. ಕೆನ್ನೆಯ ಮೇಲೆ ನೀರಿಳಿಯುತ್ತಿದ್ದರೂ ಒರೆಸಿಕೊಳ್ಳಲು ಸ್ಟೀರಿಂಗ್‌ನಿಂದ ಕೈ ತೆಗೆಯಲಿಲ್ಲ. "ಅವರ ತಲೆ ಗಾಜಿಗೆ ತಗಲದ ಹಾಗೆ ಶಾಲು ಇಡು" ಅಂದರು.

ಹಾಲ್‌ನ ಮುಂದೆ ಗಾಡಿ ನಿಂತಾಗ ಅಣ್ಣ ಎಚ್ಚೆತ್ತ. ಸುತ್ತ ನೋಡಿ ಸಿಡುಕಿದ. "ಬಂದ್ಬಿಟ್ವಾ? ಬೆಟ್ಟದ ಮೇಲೆ ಗಾಳಿ ಇರ್ಲಿಲ್ವಾ?"

"ಇತ್ತು" ಅಂದರು ಅತ್ತಿಗೆ.

ಅವನು ಅವರ ಮುಖವನ್ನೇ ನೋಡಿದ. ಶಾಲು ಮಡಚಿ ಸೀಟಿನ ಮೇಲಿಟ್ಟು ಇಳಿದ.

ಊಟವಾಗಿ ಎಲ್ಲರೂ ಹೊರಡುವ ಹೊತ್ತಿಗೆ ಸುಮುಖ್ ಇನ್ನಿಬ್ಬರನ್ನು ಕಟ್ಟಿಕೊಂಡು ಆ ಗ್ರೈಂಡರನ್ನು ಟ್ರಾಲಿಯಲ್ಲಿ ತಳ್ಳುತ್ತಾ ನೇರ ನಮ್ಮ ಗಾಡಿಯ ಹಿಂದಕ್ಕೇ ಬಂದ. "ಅಂಕಲ್, ಇದ್ನ ಮತ್ತೆ ಮೂರನೇ ಮಹಡಿಗೆ ಹೊರಕ್ಕಾಗಲ್ಲ. ಹೇಗೂ ಶನಿವಾರ ಲೀಡ್ಸ್‌ನೋನು ಗಾಡಿ ತಗೊಂಡು ಹೋಗ್ತಾನಲ್ಲ. ಅಲ್ಲಿವರೆಗೆ ಇಟ್ಕೊಳ್ಳಿ."

ಯಾರಿಗೂ ಇಲ್ಲ ಅಂದು ಗೊತ್ತಿಲ್ಲದ ನನ್ನಣ್ಣ ಡಿಕ್ಕಿಯ ಬಾಗಿಲಿಗೆ ಬೆನ್ನು ಕೊಟ್ಟು, ಎರಡೂ ಕೈ ಅಗಲಿಸಿ ನಿಂತ. ಬಾಯಿ ತುಂಬಾ ನಗುತ್ತಿದ್ದ.

"ನನ್ನ ಕೇಳಿದ್ರೆ ಏನು ಬಂತಪ್ಪ?" ಅಂದ. "ಲೀಡ್ಸ್‌ನೋನಿಗೂ ಈಗ ತಾನೇ ಫೋನಲ್ಲಿ ಅದನ್ನೇ ಹೇಳಿದೆ. ಅಲ್ಲಿದಾರೆ ನೋಡು, ಡ್ರೈವರ್‌ನ ಕೇಳು."